ಮಧ್ಯಾಹ್ನದ ಮೂರು ಗಂಟೆ ಮತ್ತು ಕೆರೆ ಏರಿಯ ಕಲ್ಲು

ಪ್ರಶ್ನೆ: ನನಗೀಗ 53 ವರ್ಷ. ತಿಪಟೂರಿನಲ್ಲಿ ನಮ್ಮನೆಯವರದು ಕೊಬ್ಬರಿ ವ್ಯಾಪಾರ. ಮಗಳು ಮದುವೆಯಾಗಿ ಬೆಂಗಳೂರಿನಲ್ಲಿದ್ದಾಳೆ, ಮಗ ಪುಣೆಯಲ್ಲಿ ಕೆಲಸಕ್ಕಿದ್ದಾನೆ. ಹೋದ ವರ್ಷ ಅತ್ತೆಯವರು ತೀರಿಕೊಂಡರು. ಅವರು ಹಾಸಿಗೆ ಹಿಡಿದಿದ್ದ ಹತ್ತು ವರ್ಷವೂ ಔಷಧಿ, ಗಂಜಿ, ಸ್ನಾನ ಅಂತ ನನಗೆ ಒಂದು ಗಳಿಗೆ ಬಿಡುವಿರಲಿಲ್ಲ. ಈಗ ಮನೆಯವರು ಊಟ ಮಾಡಿ ಮಂಡಿಗೆ ಹೋದರೆ ಎರಡರಿಂದ ಐದರವರೆಗೆ ಮನೆಯಲ್ಲಿ ನಾನೊಬ್ಬಳೇ. ಫೋನ್ ಹಿಡಿದು ರೀಲ್ಸ್ ನೋಡುತ್ತಾ ಕೂರುತ್ತೇನೆ. ಎದ್ದಾಗ ತಲೆ ಭಾರ, ಏನೋ ತಪ್ಪು ಮಾಡಿದ ಹಾಗೆ ಮನಸ್ಸು.

ಎಲ್ಲರೂ ಹೇಳಿದ್ದನ್ನೆಲ್ಲ ಮಾಡಿ ನೋಡಿದೆ. ಭಜನಾ ಮಂಡಳಿಗೆ ಸೇರಿದೆ, ಎಂಬ್ರಾಯ್ಡರಿ ಕ್ಲಾಸಿಗೆ ಹೋದೆ, ಯೋಗಕ್ಕೆ ಹೋದೆ, ಮಹಡಿ ಮೇಲೆ ಕುಂಡ ಇಟ್ಟೆ. ಯಾವುದೂ ಎರಡು ತಿಂಗಳು ದಾಟಲಿಲ್ಲ. "ನಿನಗೆ ಯಾವುದರಲ್ಲೂ ಮನಸ್ಸಿಲ್ಲ" ಅಂತ ವಾರಗಿತ್ತಿ ಆಡಿಕೊಳ್ಳುತ್ತಾಳೆ. ಮಗಳು "ಯೂಟ್ಯೂಬ್ ಚಾನೆಲ್ ಮಾಡಮ್ಮ" ಅನ್ನುತ್ತಾಳೆ. ನನಗೆ ಖುಷಿಯಾಗುವುದು ತವರಿಗೆ ಹೋದಾಗ ಮಾತ್ರ. ಅಲ್ಲಿ ಕೆರೆ ಏರಿ ಮೇಲೆ ವೀರಗಾರಪ್ಪನ ಕಲ್ಲಿದೆ. ಚಿಕ್ಕವಳಿದ್ದಾಗ ಅದರಲ್ಲಿ ಕೆತ್ತಿರುವ ದನ ಎಣಿಸುತ್ತಿದ್ದೆ. ಅದರ ಮೇಲೆ ಅಕ್ಷರವೂ ಇದೆ, ಯಾರಿಗೂ ಓದಲು ಬರುವುದಿಲ್ಲ. ಈಗಲೂ ಹೋದರೆ ಅಲ್ಲೇ ನಿಂತುಬಿಡುತ್ತೇನೆ, ಅಣ್ಣ ಕೂಗಬೇಕು. ಇರಲಿ, ಅದು ಬೇರೆ ಮಾತು.

ನನ್ನಲ್ಲೇ ಏನಾದರೂ ಊನ ಇದೆಯಾ? ಈ ವಯಸ್ಸಿನಲ್ಲಿ ಹೊಸದೇನಾದರೂ ಹಿಡಿಯಲು ಆಗುತ್ತದಾ? ನಾಲ್ಕು ಜನ ಮಾಡುವುದು ಬೇಡ, ಬೇರೆ ಥರದ್ದು ಏನಾದರೂ ಇದ್ದರೆ ಹೇಳಿ. ಜನ ನಗುವಂತಿರಬಾರದು, ಅಷ್ಟೆ.

— ಹೆಸರು ಬೇಡ, ತಿಪಟೂರು

ಉತ್ತರ: ಮೊದಲು ನಿಮ್ಮ ಊನದ ಮಾತು. ಹತ್ತು ವರ್ಷ ನಿಮ್ಮ ಕಿವಿ ಇನ್ನೊಂದು ಕೋಣೆಯ ಕೆಮ್ಮಿನ ಮೇಲಿತ್ತು. ಮಧ್ಯಾಹ್ನ ಕಣ್ಣು ಮುಚ್ಚಿದರೂ ಅರ್ಧ ಎಚ್ಚರ. ಅಂಥ ಎಚ್ಚರ ಒಂದು ದಿನ ಇದ್ದಕ್ಕಿದ್ದಂತೆ ಬೇಡವಾದಾಗ ಮನಸ್ಸು ಎಲ್ಲಿ ಕೂರಬೇಕೆಂದು ತಿಳಿಯದೆ ಒದ್ದಾಡುತ್ತದೆ. ರೋಗಿಗಳ ಆರೈಕೆಯಲ್ಲಿ ವರ್ಷಗಟ್ಟಲೆ ಕಳೆದ ಹೆಂಗಸರಲ್ಲಿ ಇದನ್ನು ಪದೇ ಪದೇ ಕಂಡಿದ್ದೇನೆ. ಅತ್ತೆಯವರು ಹೋದದ್ದು ಹೋದ ವರ್ಷ ಎಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಹತ್ತು ವರ್ಷ ಕೈಯಾರೆ ನೋಡಿಕೊಂಡ ಜೀವ ಅದು. ಆ ದುಃಖಕ್ಕೂ ನಿಮ್ಮ ಮಧ್ಯಾಹ್ನಗಳಲ್ಲಿ ಪಾಲಿದೆ, ಅದನ್ನು ಆಲಸ್ಯ ಎಂದು ಕರೆಯಬೇಡಿ.

ಒಂದು ವಿಷಯ ಮಾತ್ರ ನೀವೇ ಪರೀಕ್ಷಿಸಿಕೊಳ್ಳಿ. ಎರಡು ವಾರಕ್ಕಿಂತ ಹೆಚ್ಚು ಕಾಲ ಬೆಳಗಿನಿಂದ ರಾತ್ರಿವರೆಗೂ ಯಾವುದೂ ಬೇಡ ಅನ್ನಿಸಿದರೆ, ನಿದ್ದೆ ಕೆಟ್ಟರೆ, ಊಟ ಸೇರದಿದ್ದರೆ, ಬದುಕೇ ಸಾಕು ಎಂಬ ಯೋಚನೆ ಬಂದರೆ ಅದಕ್ಕೆ ಹವ್ಯಾಸ ಮದ್ದಲ್ಲ, ವೈದ್ಯರನ್ನು ಕಾಣಬೇಕು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ದೇಹದ ಏರುಪೇರಿನಿಂದಲೂ ಮನಸ್ಸು ಕುಗ್ಗುತ್ತದೆ, ಥೈರಾಯ್ಡ್ ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು. ಮನೆಯಿಂದಲೇ ಮಾತಾಡಬೇಕೆಂದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಿಮ್ಮ ಕಾಗದ ಓದಿದರೆ ಅಷ್ಟು ದೂರ ಹೋದ ಹಾಗೆ ನನಗೆ ಕಾಣಲಿಲ್ಲ. ಆದರೂ ಹೇಳುವುದು ನನ್ನ ಕರ್ತವ್ಯ.

ಈಗ ನೀವು ಬಿಟ್ಟ ನಾಲ್ಕು ಹವ್ಯಾಸಗಳು. ನಾಲ್ಕೂ ಒಳ್ಳೆಯವೇ. ಆದರೆ ನಾಲ್ಕನ್ನೂ ನಿಮಗೆ ಬೇರೆಯವರು ಹೇಳಿದ್ದು. ಭಜನೆಗೆ ವಾರಗಿತ್ತಿ ಕರೆದಿರಬಹುದು, ಯೋಗಕ್ಕೆ ಡಾಕ್ಟರು, ಎಂಬ್ರಾಯ್ಡರಿಗೆ ಪಕ್ಕದ ಮನೆಯವರು. ನಿಮ್ಮೊಳಗೆ ಮೊದಲೇ ಒಂದು ಪ್ರಶ್ನೆ ಎದ್ದು, ಅದರ ಉತ್ತರ ಹುಡುಕಿಕೊಂಡು ನೀವು ಅಲ್ಲಿಗೆ ಹೋಗಲಿಲ್ಲ. ಹೊತ್ತು ಕಳೆಯಲು ಹಿಡಿದ ಕೆಲಸ ಹೊತ್ತು ಕಳೆದೊಡನೆ ಬೇಸರವಾಗುತ್ತದೆ. ವರ್ಷಗಟ್ಟಲೆ ಹಿಡಿದು ನಿಲ್ಲುವ ಹವ್ಯಾಸಗಳ ಹಿಂದೆ "ಇದೇನು, ಇದು ಯಾಕೆ ಹೀಗೆ" ಎಂಬ ಕಾಟ ಇರುತ್ತದೆ. ನಿಮಗೂ ಅಂಥದ್ದೊಂದು ಕಾಟ ಇದೆ. ಬಾಲ್ಯದಿಂದ ಇದೆ. ಕಾಗದದಲ್ಲಿ ಅದನ್ನು ಬರೆದು, "ಇರಲಿ, ಅದು ಬೇರೆ ಮಾತು" ಎಂದು ಪಕ್ಕಕ್ಕೆ ಸರಿಸಿದ್ದೀರಿ.

ಅದು ಬೇರೆ ಮಾತಲ್ಲ. ಅಣ್ಣ ಕೂಗುವವರೆಗೆ ನಿಮ್ಮನ್ನು ನಿಲ್ಲಿಸಿಕೊಳ್ಳುವ ಆ ಕಲ್ಲಿನಿಂದಲೇ ಶುರು ಮಾಡೋಣ.

ನೀವು ಹೇಳಿದ ಗುರುತು ನೋಡಿದರೆ ಅದು ವೀರಗಲ್ಲು. ಹಳೇ ಮೈಸೂರು ಸೀಮೆಯಲ್ಲಿ ವೀರಗಾರ ಎಂದು ಪೂಜೆ ಪಡೆಯುವ ಎಷ್ಟೋ ಕಲ್ಲುಗಳು ಯಾವುದೋ ಕಾಲದಲ್ಲಿ ಊರಿಗಾಗಿ ಸತ್ತವನ ನೆನಪಿಗೆ ನಿಲ್ಲಿಸಿದವು. ಮುಂದಿನ ಸಲ ಹೋದಾಗ ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗಿ. ಸಾಮಾನ್ಯವಾಗಿ ಮೂರು ಹಂತ ಇರುತ್ತದೆ. ತಳದ ಹಂತದಲ್ಲಿ ಕಾಳಗ: ಕತ್ತಿಯನ್ನೋ ಬಿಲ್ಲನ್ನೋ ಹಿಡಿದವನು, ಅವನೆದುರು ಶತ್ರುಗಳು, ಒಬ್ಬಿಬ್ಬರು ನೆಲಕ್ಕೆ ಬಿದ್ದಿರುತ್ತಾರೆ. ಅವನ ಬೆನ್ನ ಹಿಂದೆಯೋ ಪಕ್ಕದಲ್ಲೋ ದನಗಳ ಸಾಲು ಇದ್ದರೆ ಅದು ತುರುಗಾಳಗ. ಊರ ದನಗಳನ್ನು ಹೊಡೆದುಕೊಂಡು ಹೋದವರ ಬೆನ್ನಟ್ಟಿ, ದನ ಬಿಡಿಸಿ, ಅಲ್ಲೇ ಸತ್ತವನು ಅವನು. ಅಂದರೆ ನೀವು ಲಂಗ ತೊಟ್ಟು ಎಣಿಸುತ್ತಿದ್ದ ಆ ದನಗಳೇ ಅವನ ಸಾವಿನ ಕಾರಣ. ನಡುವಿನ ಹಂತದಲ್ಲಿ ಅಪ್ಸರೆಯರು ಎರಡೂ ಬದಿಯಿಂದ ಅವನ ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಾರೆ. ತುದಿಯಲ್ಲಿ ಶಿವಲಿಂಗ, ಪಕ್ಕದಲ್ಲಿ ಪೂಜಾರಿ, ಕೈ ಮುಗಿದು ಕೂತ ವೀರ, ಮೇಲೆ ಸೂರ್ಯ ಚಂದ್ರ. ಅವರಿಬ್ಬರು ಇರುವವರೆಗೆ ಇವನ ಹೆಸರೂ ಇರಲಿ ಎಂಬ ಆಸೆ. ಅಕ್ಷರ ಇದ್ದರೆ ಹೆಚ್ಚಾಗಿ ಈ ಹಂತಗಳ ನಡುವಿನ ಅಡ್ಡಪಟ್ಟಿಗಳ ಮೇಲೆ ಇರುತ್ತದೆ.

ಎಲ್ಲ ಕಲ್ಲೂ ದನದ ಕಥೆಯಲ್ಲ. ಹುಲಿಯೋ ಹಂದಿಯೋ ಇದ್ದರೆ ಬೇಟೆಯಲ್ಲಿ ಸತ್ತವನು. ಒಂದು ಕಂಬ, ಅದರಿಂದ ಹೊರಚಾಚಿದ ತೋಳು, ಮೊಣಕೈ ಮಡಿಸಿ ಮೇಲಕ್ಕೆತ್ತಿದ ಹಸ್ತ, ಕೈತುಂಬ ಬಳೆ ಕಂಡರೆ ಅದು ಮಾಸ್ತಿಕಲ್ಲು, ಗಂಡನ ಚಿತೆಗೆ ಹೋದ ಹೆಣ್ಣಿನದು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಒಂದು ಶಾಸನ ಇದೆ. ದೇಕಬ್ಬೆ ಎಂಬ ತರುಣಿ ಮನೆಯವರು ಬೇಡವೆಂದರೂ ಕೇಳದೆ ಬೆಂಕಿಗೆ ಹೋದದ್ದನ್ನು ಅದು ಹೇಳುತ್ತದೆ. ಅಂಥ ಕಲ್ಲಿನ ಮುಂದೆ ನಿಂತಾಗ ಬೇಕಾದ್ದು ಭಕ್ತಿಗಿಂತ ಹೆಚ್ಚಾಗಿ ಮರುಕ ಎಂದು ನನ್ನ ಭಾವನೆ. ಅವಳಿಗೆ ಎಷ್ಟು ವಯಸ್ಸಾಗಿತ್ತು, ಅವಳನ್ನು ತಡೆದವರು ಯಾರು ಎಂದು ಕೇಳಿಕೊಳ್ಳಿ.

ಇನ್ನೊಂದು ಕಲ್ಲನ್ನು ನೀವು ಖಂಡಿತ ನೋಡಬೇಕು. ಬೆಂಗಳೂರಿಗೆ ಮಗಳ ಮನೆಗೆ ಹೋದಾಗ ಒಂದು ಮಧ್ಯಾಹ್ನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಲು ಹೇಳಿ. ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ಕಲ್ಲು ಅಲ್ಲಿದೆ. ಅದರಲ್ಲಿ ಮನುಷ್ಯರೇ ಇಲ್ಲ. ಒಂದು ನಾಯಿ, ಒಂದು ಕಾಡುಹಂದಿ, ಎರಡೂ ಒಂದರ ಮೇಲೊಂದು ಬಿದ್ದು ಕಾದಾಡುತ್ತಿವೆ. 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ವೀರನಿಗೆ ಏನು ಬೇಕು ಕೇಳು ಎಂದಾಗ ಅವನು ಕಾಳಿ ಎಂಬ ಆ ಬೇಟೆನಾಯಿಯನ್ನು ಕೇಳಿ ಪಡೆದ. ಕಾಳಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು, ತಾನೂ ಸತ್ತಿತು. ನಾಯಿಯ ನೆನಪಿಗೆ ಕಲ್ಲು ನೆಟ್ಟು, ಅದರ ಪೂಜೆಗೆ ಭೂಮಿ ಬಿಟ್ಟರು. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ, ಗಂಗರ ಬೂತುಗ, ಚೋಳರ ರಾಜಾದಿತ್ಯ ಎಲ್ಲರೂ ಅದೇ ಕಲ್ಲಿನ ಬರಹದಲ್ಲಿ ಬಂದುಹೋಗುತ್ತಾರೆ. ಆದರೆ ಕೆತ್ತಿದವನು ಚಿತ್ರಕ್ಕೆ ಆರಿಸಿಕೊಂಡದ್ದು ನಾಯಿಯನ್ನು.

ಕಲ್ಲಿನ ಅಕ್ಷರ ಓದಲು ನನಗೆ ಬರುತ್ತದೆಯೇ ಎಂದು ಕೇಳುತ್ತೀರಿ. ಬರುತ್ತದೆ. ಗಂಗರ ಕಾಲದ್ದು ಕಷ್ಟ. ಆದರೆ ನಿಮ್ಮ ಸೀಮೆಯಲ್ಲಿ ಹೆಚ್ಚಾಗಿ ಸಿಗುವ ಹೊಯ್ಸಳರ ಕಾಲದ ಲಿಪಿ ಇಂದಿನ ಕನ್ನಡಕ್ಕೆ ಸಾಕಷ್ಟು ಹತ್ತಿರ. ತೊಡಕಾಗುವುದು ಬೇರೆ ಕಾರಣಕ್ಕೆ: ಪದಗಳ ನಡುವೆ ಜಾಗ ಬಿಡುವುದಿಲ್ಲ, ಪೂರ್ಣವಿರಾಮ ಹಾಕುವುದಿಲ್ಲ, ಕಲ್ಲು ಸವೆದಿರುತ್ತದೆ. ಹಾಗಾಗಿ ಮೊದಲ ದಿನವೇ ಓದಲು ಹೋಗಬೇಡಿ. ಬಹಳಷ್ಟು ಶಾಸನಗಳು "ಸ್ವಸ್ತಿ" ಎಂದೋ "ಸ್ವಸ್ತಿ ಶ್ರೀ" ಎಂದೋ ಆರಂಭವಾಗುತ್ತವೆ. ಆ ಎರಡು ಮೂರು ಅಕ್ಷರಗಳ ರೂಪ ಕಣ್ಣಿಗೆ ಹಿಡಿದರೆ ಅಲ್ಲಿಂದ "ಸ" ಎಲ್ಲೆಲ್ಲಿದೆ, "ರ" ಒತ್ತು ಎಲ್ಲೆಲ್ಲಿದೆ ಎಂದು ಹುಡುಕುತ್ತಾ ಹೋಗಬಹುದು. ಎ. ವಿ. ನರಸಿಂಹಮೂರ್ತಿಯವರ "ಕನ್ನಡ ಲಿಪಿಯ ಉಗಮ ಮತ್ತು ವಿಕಾಸ" ಗ್ರಂಥಾಲಯದಲ್ಲಿ ಸಿಕ್ಕರೆ, ಯಾವ ಕಾಲದಲ್ಲಿ ಯಾವ ಅಕ್ಷರ ಹೇಗಿತ್ತೆಂದು ನೋಡಿ ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆರಡು ಅಕ್ಷರ ಬರೆದು ರೂಢಿ ಮಾಡಿಕೊಳ್ಳಿ. ಎರಡರಿಂದ ಐದರವರೆಗಿನ ನಿಮ್ಮ ಹೊತ್ತಿಗೆ ಇದು ಹೇಳಿ ಮಾಡಿಸಿದ ಕೆಲಸ.

ಕಾಲ ಕಂಡುಹಿಡಿಯುವುದರಲ್ಲಿ ನಿಮಗೆ ಈಗಾಗಲೇ ಅರ್ಧ ಪಾಠ ಬಂದಿದೆ. ಶಾಸನದಲ್ಲಿ ಶಕವರ್ಷ ಇದ್ದರೆ 78 ಕೂಡಿಸಿದರೆ ಇಂದಿನ ಲೆಕ್ಕದ ಇಸವಿ ಬರುತ್ತದೆ, ಒಮ್ಮೊಮ್ಮೆ ಒಂದು ವರ್ಷ ಆಚೀಚೆ. ಜೊತೆಗೆ ಸಂವತ್ಸರದ ಹೆಸರೂ ಇರುತ್ತದೆ. ಪ್ರತಿ ಯುಗಾದಿಗೆ ಪಂಚಾಂಗದಲ್ಲಿ ನೀವು ಓದುವ ಅದೇ ಅರವತ್ತು ಹೆಸರುಗಳು. ಆತಕೂರಿನ ಕಲ್ಲಿನಲ್ಲಿರುವುದು ಸೌಮ್ಯ ಸಂವತ್ಸರ. 2029ರ ಯುಗಾದಿಗೆ ಮತ್ತೆ ಸೌಮ್ಯ ಬರುತ್ತದೆ. ಅರವತ್ತು ವರ್ಷದ ಆ ಸುತ್ತು ಅಷ್ಟರಲ್ಲಿ ಹದಿನೆಂಟು ಸಲ ಸುತ್ತಿರುತ್ತದೆ.

ಇನ್ನು, ನಿಮ್ಮ ತವರಿನ ಕಲ್ಲನ್ನು ಯಾರೂ ಓದಿಯೇ ಇಲ್ಲ ಎಂದುಕೊಳ್ಳಬೇಡಿ. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಹಳೆಯ ಮೈಸೂರು ಸಂಸ್ಥಾನವನ್ನು ತಾಲ್ಲೂಕು ತಾಲ್ಲೂಕಾಗಿ ಸುತ್ತಿ, ಸಹಾಯಕರನ್ನು ಕಳಿಸಿ, ಸಾವಿರಾರು ಶಾಸನಗಳನ್ನು ಓದಿಸಿ "ಎಪಿಗ್ರಾಫಿಯಾ ಕರ್ನಾಟಿಕಾ" ಎಂಬ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ತುಮಕೂರು ಜಿಲ್ಲೆಯದು ಹನ್ನೆರಡನೆಯ ಸಂಪುಟ, 1904ರದ್ದು. ಅದರಲ್ಲಿ ತಿಪಟೂರು ತಾಲ್ಲೂಕಿಗೆ ಬೇರೆಯೇ ಭಾಗ ಇದೆ, ಪ್ರತಿ ಶಾಸನಕ್ಕೂ ಕ್ರಮಸಂಖ್ಯೆ, ಅದು ಯಾವ ಊರಲ್ಲಿ ಎಲ್ಲಿ ನಿಂತಿತ್ತು ಎಂಬ ಗುರುತು, ಕನ್ನಡ ಅಕ್ಷರದಲ್ಲೇ ಮೂಲ ಪಾಠ ಸಿಗುತ್ತದೆ. ಅನುವಾದ ಮಾತ್ರ ಇಂಗ್ಲಿಷಿನಲ್ಲಿ, ಅದಕ್ಕೆ ಮಗಳ ಸಹಾಯ ತೆಗೆದುಕೊಳ್ಳಿ. ಇಡೀ ಪುಸ್ತಕ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯ ಈ ಸಂಪುಟಗಳನ್ನು ಪರಿಷ್ಕರಿಸಿಯೂ ತಂದಿದೆ, ದೊಡ್ಡ ಗ್ರಂಥಾಲಯಗಳಲ್ಲಿ ನೋಡಬಹುದು. ಹಿನ್ನೆಲೆ ತಿಳಿಯಲು ಆರ್. ಶೇಷಶಾಸ್ತ್ರಿಯವರ "ಕರ್ನಾಟಕದ ವೀರಗಲ್ಲುಗಳು", ಆಮೇಲೆ ಎಂ. ಚಿದಾನಂದಮೂರ್ತಿಯವರ "ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ" ಓದಿ. ಎರಡನೆಯದು ದಪ್ಪ ಪುಸ್ತಕ, ಒಂದೇ ಸಲಕ್ಕೆ ಮುಗಿಸುವ ಹಠ ಬೇಡ.

ಈಗ ನಾನು ನಿಮಗೆ ಹೇಳಬೇಕೆಂದಿರುವ ಹವ್ಯಾಸ ಇದು. ಆ ಹನ್ನೆರಡನೆಯ ಸಂಪುಟದ ಪಟ್ಟಿ ಹಿಡಿದು ನಿಮ್ಮ ತಾಲ್ಲೂಕಿನ ಒಂದೊಂದೇ ಹಳ್ಳಿಗೆ ಹೋಗಿ, ನೂರಿಪ್ಪತ್ತು ವರ್ಷದ ಹಿಂದೆ ರೈಸ್ ಬರೆದಿಟ್ಟ ಕಲ್ಲು ಇವತ್ತು ಅಲ್ಲಿದೆಯೇ ನೋಡುವುದು. ಇದ್ದರೆ ಹೇಗಿದೆ, ಬರೆದುಕೊಳ್ಳುವುದು. ಕದಲಿದ್ದರೆ ಎಲ್ಲಿಗೆ, ಕೇಳುವುದು. ಆಗ ಓದಿದ ಎಷ್ಟೋ ಕಲ್ಲುಗಳು ಈಗ ಜಾಗದಲ್ಲಿಲ್ಲ. ರಸ್ತೆ ಅಗಲ ಮಾಡುವಾಗ ಮಣ್ಣಿನಡಿ ಹೋದವು, ಚರಂಡಿಗೆ ಚಪ್ಪಡಿಯಾದವು, ಬಟ್ಟೆ ಒಗೆಯುವ ಕಲ್ಲಾದವು, ದೇವಸ್ಥಾನ ಜೀರ್ಣೋದ್ಧಾರದಲ್ಲಿ ಬಣ್ಣ ಬಳಿಸಿಕೊಂಡು ಅಕ್ಷರ ಮುಚ್ಚಿಕೊಂಡವು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು ಹುಡುಕಿ 3ಡಿ ಸ್ಕ್ಯಾನ್ ಮಾಡಿಡುತ್ತಿದ್ದಾರೆ. ಪ್ರತಿ ತಾಲ್ಲೂಕಿಗೂ ಅಂಥ ತಂಡ ಸಿಗುವುದಿಲ್ಲ. ಆದರೆ ತಾಲ್ಲೂಕಿಗೊಬ್ಬರು "ಈ ಕಲ್ಲು ಇಂಥ ಕಡೆ ಇದೆ, ನಾನು ಕಂಡಿದ್ದೇನೆ" ಎನ್ನುವವರಿದ್ದರೆ ಎಷ್ಟೋ ಉಳಿಯುತ್ತದೆ. ಹತ್ತು ವರ್ಷ ಒಬ್ಬರನ್ನು ಕಾದು ನೋಡಿಕೊಂಡ ನಿಮಗೆ ಈ ಕೆಲಸದ ಸ್ವಭಾವ ಗೊತ್ತು: ತಾಳ್ಮೆ ಬೇಕು, ಯಾರೂ ಬೆನ್ನು ತಟ್ಟುವುದಿಲ್ಲ, ಆದರೆ ನೀವಿಲ್ಲದಿದ್ದರೆ ಆಗುವುದಿಲ್ಲ.

ಜನ ನಗುತ್ತಾರೆಯೇ ಎಂದು ನಿಮಗೆ ಭಯ. ಇದರಲ್ಲಿ ನಗುವಿಗಿಂತ ದೊಡ್ಡ ತೊಂದರೆ ಅನುಮಾನ. ನಮ್ಮ ಹಳ್ಳಿಗಳಲ್ಲಿ ನಿಧಿಗಳ್ಳರ ಕಾಟ ಇದೆ. ಹಳೆಯ ಕಲ್ಲು, ಹಾಳು ಗುಡಿ ಎಂದರೆ ಅದರ ಕೆಳಗೆ ಚಿನ್ನ ಇದೆ ಎಂದು ರಾತ್ರಿ ಅಗೆಯುವವರಿದ್ದಾರೆ. ಪರ ಊರಿನವರು ಬಂದು ಕಲ್ಲಿನ ಸುತ್ತ ಸುಳಿದಾಡಿದರೆ ಊರವರು ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ಆದ್ದರಿಂದ ಹಗಲಲ್ಲೇ ಹೋಗಿ. ಮೊದಲು ಊರಿನ ಹಿರಿಯರನ್ನೋ ಶಾಲೆಯ ಮೇಷ್ಟ್ರನ್ನೋ ಮಾತಾಡಿಸಿ, ಪುಸ್ತಕದಲ್ಲಿ ಅವರ ಊರಿನ ಹೆಸರು ತೋರಿಸಿ. ಆ ಒಂದು ಪುಟ ಎಲ್ಲ ಅನುಮಾನವನ್ನೂ ಕಳೆಯುತ್ತದೆ, "ನಮ್ಮೂರಿನ ಹೆಸರು ಇದರಲ್ಲಿದೆಯಾ" ಎಂದು ಅವರೇ ಜೊತೆಗೆ ಬರುತ್ತಾರೆ. ಒಬ್ಬರೇ ಹೋಗಬೇಡಿ. ನೆಲ ಕೆದಕಬೇಡಿ, ಹೂತುಹೋದ ಕಲ್ಲನ್ನು ಎತ್ತಿಸಲು ಹೋಗಬೇಡಿ. ಹೊಸದೇನಾದರೂ ಕಂಡರೆ ಪಂಚಾಯಿತಿಗೂ ಪುರಾತತ್ತ್ವ ಇಲಾಖೆಗೂ ಕಾಗದ ಬರೆಯಿರಿ.

ಕಲ್ಲನ್ನು ಮುಟ್ಟುವ ರೀತಿಯಲ್ಲೂ ಎಚ್ಚರ ಬೇಕು. ತಂತಿ ಬ್ರಷ್, ಆಸಿಡ್, ಸೋಪಿನ ಪುಡಿ ಯಾವುದೂ ಕೂಡದು. ಧೂಳಿದ್ದರೆ ಮೆತ್ತನೆ ಬಟ್ಟೆ, ತೀರಾ ಬೇಕಾದರೆ ಬರಿ ನೀರು. ಅಕ್ಷರ ಕಾಣಲೆಂದು ಸುಣ್ಣ, ಬಣ್ಣ ತುಂಬುವುದೂ ಬೇಡ. ಅದಕ್ಕಿಂತ ಒಳ್ಳೆಯ ಉಪಾಯ ಬೆಳಕು. ನಡುಮಧ್ಯಾಹ್ನ ನೆತ್ತಿಯ ಬಿಸಿಲಿಗೆ ಚಪ್ಪಟೆಯಾಗಿ ಕಾಣುವ ಕಲ್ಲು ಬೆಳಿಗ್ಗೆ ಏಳೂವರೆಗೆ, ಸಂಜೆ ಐದಕ್ಕೆ ಓರೆ ಬಿಸಿಲು ಬಿದ್ದಾಗ ಬೇರೆಯೇ ಆಗುತ್ತದೆ. ಪ್ರತಿ ಗೆರೆಯ ಒಂದು ಅಂಚಿಗೆ ನೆರಳು ಕೂತು ಅಕ್ಷರ ಎದ್ದು ನಿಲ್ಲುತ್ತದೆ. ಮರದ ನೆರಳಿನಲ್ಲಿರುವ ಕಲ್ಲಿಗೆ ಒಂದು ಕನ್ನಡಿ ಒಯ್ದು ಬಿಸಿಲನ್ನು ಪಕ್ಕದಿಂದ ಬೀಳುವಂತೆ ತಿರುಗಿಸಿ, ಗುಡಿಯೊಳಗಿದ್ದರೆ ಟಾರ್ಚನ್ನು ಕಲ್ಲಿಗೆ ಒತ್ತಿದಂತೆ ಬದಿಯಿಂದ ಹಿಡಿಯಿರಿ. ನಾಲ್ಕು ಕಡೆಯಿಂದಲೂ ಫೋಟೋ ತೆಗೆಯಿರಿ. ಅದೇ ಫೋನು, ಈಗ ಬೇರೆ ಕೆಲಸಕ್ಕೆ. ಪೂಜೆಯ ಕಲ್ಲಾಗಿದ್ದರೆ ಕುಂಕುಮ ಒರೆಸುವ ಮುನ್ನ ಪೂಜಾರಿಯನ್ನೋ ಮನೆತನದವರನ್ನೋ ಕೇಳಿ, ಅವರು ಬೇಡವೆಂದರೆ ಬಿಟ್ಟುಬಿಡಿ. ಒದ್ದೆ ಕಾಗದ ಬಡಿದು ಮಸಿ ಹಾಕಿ ಪಡಿಯಚ್ಚು ತೆಗೆಯುವುದನ್ನು ಬಲ್ಲವರ ಬಳಿ ಕಲಿಯದೆ ಮಾಡಬಾರದು.

ನಿಮ್ಮನೆಯವರನ್ನು ಇದರಿಂದ ಹೊರಗಿಡಬೇಡಿ. ಕೊಬ್ಬರಿ ವ್ಯಾಪಾರದವರಿಗೆ ತಾಲ್ಲೂಕಿನ ಯಾವ ಹಳ್ಳಿಯಲ್ಲಿ ಯಾರಿದ್ದಾರೆ, ಯಾವ ತೋಟದ ದಾರಿ ಎಲ್ಲಿಗೆ ಹೋಗುತ್ತದೆ ಎಂಬುದು ಬಾಯಿಪಾಠ. ಸರ್ವೆಯವರಿಗೂ ಅಷ್ಟು ಗೊತ್ತಿರಲಾರದು. "ನನ್ನ ಹವ್ಯಾಸಕ್ಕೆ ಅನುಮತಿ ಕೊಡಿ" ಎಂದು ಕೇಳುವುದಕ್ಕಿಂತ "ಈ ಊರಿನಲ್ಲಿ ನಿಮಗೆ ಕೊಬ್ಬರಿ ಹಾಕುವವರು ಯಾರು, ಅವರ ಮನೆಗೆ ಫೋನ್ ಮಾಡ್ತೀರಾ" ಎಂದು ಕೇಳಿ. ಗಂಡಸರಿಗೆ ತಮ್ಮ ತಿಳಿವಳಿಕೆ ಬೇಕಾಗಿದೆ ಎಂದಾಗ ಆಗುವ ಸಂತೋಷ ದೊಡ್ಡದು. ಎರಡು ಮೂರು ಊರು ಆದಮೇಲೆ ಸ್ಕೂಟರ್ ತೆಗೆಯುವವರು ಅವರೇ ಆದರೂ ಆಶ್ಚರ್ಯವಿಲ್ಲ.

ಆದರೆ ಹಳ್ಳಿಗೆ ಹೋಗುವುದು ತಿಂಗಳಿಗೆ ಒಂದೋ ಎರಡೋ ಸಲ. ಉಳಿದ ದಿನ? ಕಲ್ಲಿನ ಕೆಲಸಕ್ಕೆ ಜೊತೆಯಾಗಿ ಮನೆಯಲ್ಲೇ ದಿನಾ ಐದು ನಿಮಿಷ ಮಾಡುವಂಥದ್ದೊಂದು ಇರಲಿ ಎಂದು ನನ್ನ ಆಸೆ. ನಿಮ್ಮದು ತೆಂಗಿನ ಸೀಮೆ, ಹಾಗಾಗಿ ಮಳೆ ಅಳೆಯಿರಿ. ಬಾಯಿಂದ ತಳದವರೆಗೆ ಒಂದೇ ಅಗಲ ಇರುವ ಗಾಜಿನ ಜಾಡಿ, ಅಂಗಡಿಯ ಸ್ಕೇಲು, ಒಂದು ನೋಟ್‌ಬುಕ್ ಸಾಕು. ಮಹಡಿಯ ನಡುವೆ, ಗೋಡೆ ಮರಗಳಿಂದ ದೂರ ಇಡಿ. ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ, ಬೆಳಿಗ್ಗೆ ಎಂಟೂವರೆಗೆ, ಎಷ್ಟು ಮಿಲಿಮೀಟರು ನಿಂತಿದೆ ನೋಡಿ ಬರೆದು ಚೆಲ್ಲಿ. ಒಂದು ಮಿಲಿಮೀಟರು ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರು ನೀರು. ಮೂವತ್ತು ನಲವತ್ತರ ಸೈಟಿನಷ್ಟು ಚಾವಣಿಯ ಮೇಲೆ 10 ಮಿಲಿಮೀಟರು ಬಿದ್ದರೆ ಸುಮಾರು 1,100 ಲೀಟರು. ಈ ಲೆಕ್ಕ ಒಮ್ಮೆ ಕೈಗೆ ಬಂದರೆ ಮಳೆ ನೋಡುವ ಕಣ್ಣೇ ಬದಲಾಗುತ್ತದೆ. ತಾರೀಖಿನ ಪಕ್ಕದಲ್ಲಿ ಮಳೆಯ ನಕ್ಷತ್ರವನ್ನೂ ಬರೆಯಿರಿ: ಭರಣಿಯಲ್ಲಿ ಎಷ್ಟು, ರೋಹಿಣಿಯಲ್ಲಿ ಎಷ್ಟು, ಮಘೆ ಹುಬ್ಬೆ ಹೇಗೆ ಹೋದವು ಎಂದು. ಕೊಡಗು ಚಿಕ್ಕಮಗಳೂರಿನ ಕಾಫಿ ತೋಟದವರು ಇಂಚು, ಸೆಂಟಿನ ಲೆಕ್ಕದಲ್ಲಿ ತಲೆಮಾರುಗಳಿಂದ ಇಂಥ ಪುಸ್ತಕ ಇಟ್ಟುಕೊಂಡು ಬಂದಿದ್ದಾರೆ. ಹೂಮಳೆ ಯಾವ ದಿನ ಎಷ್ಟು ಬಿತ್ತು ಎಂಬುದರ ಮೇಲೆ ಅವರ ವರ್ಷದ ಬೆಳೆ ನಿಂತಿರುತ್ತದೆ. ತೆಂಗಿಗೂ ನೀರಿನ ಲೆಕ್ಕ ಬೇಡವೇ?

ಮೊಮ್ಮಕ್ಕಳಿದ್ದು ರಜಕ್ಕೆ ಬಂದರೆ ಅವರಿಗೊಂದು ಬೇರೆ ಇದೆ. ಅಮಾವಾಸ್ಯೆಯ ಆಸುಪಾಸು, ಮಳೆ ನಿಂತ ಸೆಕೆಯ ರಾತ್ರಿ, ಹಿತ್ತಲ ತಂತಿಗೆ ಬಿಳಿ ಬೆಡ್‌ಶೀಟ್ ಕಟ್ಟಿ ಅದರ ಮುಂದೆ ಒಂದು ಬಲ್ಬು ಹಾಕಿ ಕೂತರೆ ಪತಂಗಗಳು ಬಂದು ಕೂರುತ್ತವೆ. ಚಿಟ್ಟೆಗಿಂತ ಪತಂಗದ ಜಾತಿಗಳು ಎಷ್ಟೋ ಹೆಚ್ಚು, ನೋಡಿದವರು ಎಷ್ಟೋ ಕಡಿಮೆ. ನಿಮ್ಮ ಮನೆಯಲ್ಲಿ ನಂದಿಬಟ್ಟಲು ಇದ್ದರೆ ಎಲೆ ತಿನ್ನುವ ಬೆರಳು ದಪ್ಪದ ಹಸಿರು ಹುಳುವನ್ನು ಕಂಡಿರುತ್ತೀರಿ, ತಲೆಯ ಹತ್ತಿರ ನೀಲಿ ಕಣ್ಣಿನಂಥ ಎರಡು ಮಚ್ಚೆ ಇರುತ್ತವೆ. ಕಿತ್ತು ಎಸೆಯದೆ ಒಂದನ್ನು ಬಿಟ್ಟು ನೋಡಿ. ಕೆಲವು ವಾರದಲ್ಲಿ ಅದು ಹಸಿರು, ಗುಲಾಬಿ ಬಳ್ಳಿ ಎಳೆದಂಥ ರೆಕ್ಕೆಯ ಪತಂಗವಾಗಿ ಬರುತ್ತದೆ.   

ಎರಡು ತಿಂಗಳಾದಮೇಲೆ ಇದೂ ಬೇಸರವಾದರೆ? ಆಗಬಹುದು. ಆಗ ಬಿಡುವುದೇ ಆದರೆ ಮೂರನೆಯ ಕಲ್ಲಿನ ನಂತರ ಬಿಡಿ, ಮೊದಲನೆಯದರಲ್ಲಿ ಬೇಡ. ಮೊದಲ ಕಲ್ಲಿನಲ್ಲಿ ಏನೂ ತಿಳಿಯುವುದಿಲ್ಲ, ಎಲ್ಲ ಗೆರೆಯೂ ಒಂದೇ. ಎರಡನೆಯದರಲ್ಲಿ ಒಂದು ಅಕ್ಷರ ಗುರುತಾಗುತ್ತದೆ. ಮೂರನೆಯದನ್ನು ನೋಡುವಾಗ ಹಿಂದಿನ ಎರಡರ ಜೊತೆ ಹೋಲಿಸುವ ಮನಸ್ಸು ತಾನಾಗಿ ಬರುತ್ತದೆ, ಅಲ್ಲಿ ಯಾಕೆ ಐದು ದನ, ಇಲ್ಲಿ ಯಾಕೆ ಕುದುರೆ ಎಂದು. ಹವ್ಯಾಸ ಹಿಡಿಯಿತೋ ಇಲ್ಲವೋ ಗೊತ್ತಾಗುವುದು ಅಲ್ಲಿ. ಆಗಲೂ ಮನಸ್ಸು ಕದಲದಿದ್ದರೆ ನೋಟ್‌ಬುಕ್ ಮುಚ್ಚಿ, ಅದಕ್ಕಾಗಿ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ, ವಾರಗಿತ್ತಿಗೂ. ಬಿಡುವಿನ ಹೊತ್ತು ನಿಮ್ಮದು. ಇಷ್ಟು ವರ್ಷ ಅದು ನಿಮಗೆ ಸಿಕ್ಕಿರಲಿಲ್ಲ, ಅಷ್ಟೆ.

ಯೂಟ್ಯೂಬ್ ಚಾನೆಲ್‌ನ ಮಾತಿಗೆ ಬಂದರೆ, ಮಗಳ ಆಸೆ ಒಳ್ಳೆಯದೇ, ಆದರೆ ಮೊದಲ ವರ್ಷ ಬೇಡ ಎಂದು ಖಂಡಿತವಾಗಿ ಹೇಳಿ. ಕ್ಯಾಮೆರಾ ಇಟ್ಟರೆ ಎಷ್ಟು ಜನ ನೋಡಿದರು ಎಂಬ ಎಣಿಕೆ ಶುರುವಾಗುತ್ತದೆ, ಕಲ್ಲು ಏನು ಹೇಳುತ್ತದೆ ಎಂಬುದು ಹಿಂದೆ ಬೀಳುತ್ತದೆ. ಇನ್ನೊಂದು ಕಾರಣವೂ ಇದೆ. ಕಾವಲಿಲ್ಲದ ಕಲ್ಲಿನ ಜಾಗವನ್ನು ಊರಿಗೆಲ್ಲ ಸಾರಿದರೆ ಅಗೆಯುವವರಿಗೆ ದಾರಿ ತೋರಿಸಿದಂತಾಗುತ್ತದೆ. ಮಗಳಿಗೆ ಬೇರೆ ಕೆಲಸ ಕೊಡಿ: ಆ ಹನ್ನೆರಡನೆಯ ಸಂಪುಟದಲ್ಲಿ ತಿಪಟೂರಿನ ಪುಟಗಳನ್ನು ಮಾತ್ರ ತೆಗೆದು ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ ಕಳಿಸಲು ಹೇಳಿ. ಊರಿನ ಹೆಸರುಗಳು ಹಳೆಯ ಕಾಗುಣಿತದಲ್ಲಿರುತ್ತವೆ, ಕೆಲವು ಈಗ ಜನರಿಲ್ಲದ ಬೇಚಿರಾಕ್ ಊರುಗಳಾಗಿರುತ್ತವೆ. ನಿಮ್ಮ ತವರೂರು ಇದೇ ತಾಲ್ಲೂಕಿನದಾದರೆ ಅದರ ಹೆಸರು ಮೊದಲು ಹುಡುಕಿ. ಆ ಪುಟಗಳಲ್ಲಿ ಕೆರೆ ಏರಿಯ ಕಲ್ಲು ಇದ್ದರೆ ನಿಮ್ಮ ವೀರಗಾರಪ್ಪನ ನಿಜ ಹೆಸರು ಸಿಗಬಹುದು. ಇಲ್ಲದಿದ್ದರೆ ಇನ್ನೂ ಮುಖ್ಯ, ಚೊಕ್ಕ ಫೋಟೋ ತೆಗೆದು ಮೈಸೂರಿನ ಪುರಾತತ್ತ್ವ ಇಲಾಖೆಗೆ ಒಂದು ಕಾಗದ ಹಾಕಿ.